ರೋಲಿಂಗ್ ಅಂದಾಗಲೆಲ್ಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಆದರೆ ನಮ್ಮ ಕಾಲೇಜಿನಲ್ಲಿ ಫಿಲ್ಮ್ ಮತ್ತು ವಿಡಿಯೊ ಓದುವವರಿಗೆ ಸಿಟ್ಟು ಬರದಿದ್ದರೆ ಅವರು ಓದುತ್ತಿಲ್ಲ ಎಂದೇ ಅರ್ಥ. ವಿಭಾಗ ಎಂದರೆ ಎರಡು ಕೋಣೆ. ಒಂದರಲ್ಲಿ ಹಿಂದೆ ಹೊಲಿಗೆ ತರಗತಿ ನಡೆಯುತ್ತಿತ್ತಂತೆ, ನೆಲದ ಸಂದಿಯಲ್ಲಿ ಈಗಲೂ ಗುಂಡುಸೂಜಿ ಸಿಗುತ್ತವೆ. ಇನ್ನೊಂದು ಎಡಿಟಿಂಗ್ ಕೋಣೆ: ಕಿಟಕಿಗೆ ಕರಿ ಬಟ್ಟೆ, ಐದು ಕಂಪ್ಯೂಟರು, ಅದರಲ್ಲಿ ಎರಡಕ್ಕೆ ಎದ್ದು ಕೂರುವುದಕ್ಕೇ ಅರ್ಧ ಪಿರಿಯಡ್ ಬೇಕು. ಹನ್ನೊಂದು ವಿದ್ಯಾರ್ಥಿಗಳಿಗೆ ಮೂರು ಕ್ಯಾಮೆರಾ. ಒಂದರ ಜೂಮ್ ಮುಂದಕ್ಕೆ ಹೋದರೆ ಹಿಂದಕ್ಕೆ ಬರುವುದಿಲ್ಲ. ಸೌಂಡ್ ರೆಕಾರ್ಡರ್ ಇರುವುದು ಒಂದೇ ಒಂದು, ಅದೂ ಸ್ಟೋರ್ ನೋಡಿಕೊಳ್ಳುವ ಮಹಾಶಯರ ಕಪಾಟಿನಲ್ಲಿ. ಶನಿವಾರದ ಶೂಟಿಂಗಿಗೆ ಅದನ್ನು ಕೊಡಿ ಎಂದು ಕೇಳಿದರೆ ಸೋಮವಾರ ಬನ್ನಿ ಎಂದರು. ಶನಿವಾರ ಯಾಕಾಗಲ್ಲ ಎಂದು ಕೇಳಿದರೆ, ಸೋಮವಾರ ಆಗುತ್ತಲ್ಲ ಎಂದರು. ಇಂಥವರ ಜೊತೆ ಏನು ಮಾತಾಡುವುದು?

ನನಗೆ ಸೋಮವಾರ ಆಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪನ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಮಾತಾಡಲಿಕ್ಕೆ ಆಗುತ್ತದಾ ಎಂದು ಅಮ್ಮ ಕೇಳಿದ್ದಕ್ಕೆ, ಜೀವ ಉಳಿಯುತ್ತದೆ, ಮುಂದೆ ಯಂತ್ರಗಿಂತ್ರ ಏನಾದರೂ ನೋಡಬಹುದು, ಆದರೆ ಈ ದನಿ ಮಾತ್ರ ವಾಪಸ್ ಬರುವುದಿಲ್ಲ ಎಂದರು. ಅಪ್ಪ ಅಲ್ಲೇ ಕೂತಿದ್ದ. ಹೊರಗೆ ಬಂದ ಮೇಲೆ ಆ ಡಾಕ್ಟರು ಕಾರನ್ನು ಎಷ್ಟು ಅಡ್ಡಾದಿಡ್ಡಿ ನಿಲ್ಲಿಸಿದ್ದಾರೆ ನೋಡು ಎಂದು ಗೊಣಗಿದ.

ಅಪ್ಪ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಎರಡು ಬ್ರೇಕು, ಎರಡು ಕ್ಲಚ್ ಇರುವ ಹಳೇ ಕಾರಿನ ಪಕ್ಕದ ಸೀಟಿನಲ್ಲಿ ಮೂವತ್ತೊಂದು ವರ್ಷ ಕೂತು, ಕಂಡಕಂಡವರ ಕೈಗೆ ಸ್ಟಿಯರಿಂಗ್ ಕೊಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ಕೂಗಿದವನು. ಮನೆಯಲ್ಲೂ ಅದೇ ಗಂಟಲು. ಬಾಗಿಲು ಹಾಕು ಎನ್ನುವುದೂ ಬ್ರೇಕ್ ಹಾಕು ಎಂದ ಹಾಗೆಯೇ ಕೇಳುತ್ತಿತ್ತು. ಚಿಕ್ಕಂದಿನಿಂದ ಆ ದನಿಗೆ ನಾನು ಕಿವಿ ಮುಚ್ಚಿಕೊಂಡಿದ್ದೇನೆ. ಅದು ಇನ್ನು ಹತ್ತು ದಿನ ಮಾತ್ರ ಎಂದು ಗೊತ್ತಾದಾಗ, ನನ್ನ ಕೊನೇ ವರ್ಷದ ಚಿತ್ರ ಅಪ್ಪನ ಮೇಲೆಯೇ ಎಂದು ತೀರ್ಮಾನ ಮಾಡಿದೆ. ಕಾಲೇಜಿಗೆ ಕೊಟ್ಟ ಕಾಗದದಲ್ಲಿ ಏನೇನೋ ಉದ್ದೇಶ ಬರೆದೆ. ನಿಜವಾದ ಉದ್ದೇಶ ಒಂದೇ, ನನಗೆ ಆ ದನಿ ಬೇಕಿತ್ತು.

ಕ್ಯಾಮೆರಾ ನೋಡಿಕೊಳ್ಳುವವನು ನನ್ನ ಸಹಪಾಠಿ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿನ ಹಾಗೆ ಉದ್ದಕ್ಕೆ, ಸಣ್ಣಕ್ಕೆ, ನಿಲ್ಲಿಸಿದ ಕಡೆ ನಿಲ್ಲುವವನಾದ್ದರಿಂದ ಎಲ್ಲರೂ ಅವನನ್ನು ಟ್ರೈಪಾಡ್ ಎಂದೇ ಕರೆಯುತ್ತಾರೆ. ಅಪ್ಪನ ಪಕ್ಕ ಡ್ರೈವರ್ ಸೀಟಿನಲ್ಲಿ ಕಲಿಯುವವನ ಹಾಗೆ ಕೂರುವುದೂ ಅವನೇ. ಡ್ರೈವಿಂಗ್ ಬರುತ್ತಾ ಎಂದು ಮುಂಚೆಯೇ ಕೇಳಿದ್ದೆ, ಬರುತ್ತೆ ಎಂದಿದ್ದ. ಕಾರು ಹತ್ತಿದ ಮೇಲೆ ಗೊತ್ತಾಯಿತು, ಬರುತ್ತಿದ್ದದ್ದು ಸ್ಕೂಟರು. ಕಾರಿನ ಕಲಿಕಾ ಲೈಸೆನ್ಸನ್ನು ಒಂದು ದಿನವೂ ಬಳಸದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದನಂತೆ.

ಶನಿವಾರ ಬೆಳಿಗ್ಗೆ ನಮ್ಮ ಮನೆ ಮುಂದೆಯೇ ಶುರು ಮಾಡಿದೆವು. ಕ್ಯಾಮೆರಾವನ್ನು ಸ್ಟಿಯರಿಂಗಿನ ಪಕ್ಕ, ಗಾಜಿನ ಕೆಳಗೆ, ಒಳಮುಖ ಮಾಡಿ ಬಿಗಿದೆ. ರೆಕಾರ್ಡರ್ ಇಲ್ಲದ್ದರಿಂದ ಅಪ್ಪನ ಕಾಲರಿನ ಮೈಕಿನ ವೈರನ್ನು ಸೀದಾ ಕ್ಯಾಮೆರಾಕ್ಕೇ ಸಿಕ್ಕಿಸಿದೆ. ಫ್ರೇಮ್ ನೋಡುತ್ತಿರುವಾಗ ಅಪ್ಪನ ಕನ್ನಡಕದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಕ್ಯಾಮೆರಾದ ಮುಂದಿನ ಪುಟ್ಟ ದೀಪದ ಪ್ರತಿಬಿಂಬ. ಇಂಥ ಸೂಕ್ಷ್ಮ ಕಾಣುವುದು ಇಡೀ ತರಗತಿಯಲ್ಲಿ ನನ್ನ ಕಣ್ಣಿಗೆ ಮಾತ್ರ ಎಂದು ಬೀಗಿಕೊಂಡು, ಕಪ್ಪು ಟೇಪು ಹರಿದು ದೀಪಕ್ಕೆ ಅಂಟಿಸಿದೆ. ಗುಂಡಿ ಒತ್ತಿದಾಗಲೆಲ್ಲ ಬರುವ ಬೀಪ್ ಸದ್ದನ್ನು ಹಿಂದಿನ ದಿನವೇ ಬಂದ್ ಮಾಡಿದ್ದೆ. ಚಿಕ್ಕ ಪರದೆಯನ್ನೂ ಮಡಚಿಟ್ಟೆ, ಇಲ್ಲದಿದ್ದರೆ ಅಪ್ಪ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತೀಡುತ್ತಿದ್ದ. ಒಂದೇ ಗುಂಡಿಯ ರಿಮೋಟನ್ನು ಟ್ರೈಪಾಡ್ ಕೈಗೆ ಕೊಟ್ಟು ನಾನು ಹಿಂದಿನ ಸೀಟಿನಲ್ಲಿ ಕೂತೆ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಇದಕ್ಕಿಂತ ಸುಲಭದ ಕೆಲಸ ಇದೆಯಾ?

ರೋಲ್ ಎಂದೆ. ರೋಲಿಂಗ್ ಎಂದು ಟ್ರೈಪಾಡ್ ಗುಂಡಿ ಒತ್ತಿದ. ಅಪ್ಪ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾವನ್ನು ದಿಟ್ಟಿಸಿ ಹೇಳಿದ: "ಮಾನ್ಯ ವೀಕ್ಷಕರೇ, ನಾನು ವಾಹನ ಚಾಲನಾ ತರಬೇತಿ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಗಿಲಾದ ಸುದೀರ್ಘ ಸೇವೆಯನ್ನು ಸಲ್ಲಿಸಿರುತ್ತೇನೆ."

ನಾನು ಕಟ್ ಎಂದೆ. ಟ್ರೈಪಾಡ್ ಮತ್ತೆ ಒತ್ತಿದ.

ಸಲ್ಲಿಸಿರುತ್ತೇನೆ! ನನ್ನ ಅಪ್ಪ ಜನ್ಮದಲ್ಲಿ ಏನನ್ನೂ ಸಲ್ಲಿಸಿದವನಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡು ಅಂದೆ. ಮನೆಯಲ್ಲಿ ಮಾತಾಡುವುದನ್ನು ಯಾರು ಕೇಳುತ್ತಾರೆ, ಇದು ಕಾಲೇಜಿಗೆ ಹೋಗುವಂಥದ್ದು ಎಂದ. ಅಪ್ಪಾ, ನೀನು ನೀನಾಗಿರು ಅಂದೆ. ನಾನಲ್ಲದೆ ಇನ್ಯಾರು ಕೂತಿರುವುದು ಎಂದ. ಜಾಗ ಬದಲಾಯಿಸಿದರೆ ಸರಿಹೋಗಬಹುದು ಎಂದು ಮೈದಾನದ ಹತ್ತಿರ ಹೋದೆವು, ಆಮೇಲೆ ಗ್ಯಾರೇಜಿನ ಬೀದಿ, ಆಮೇಲೆ ನೀರಿನ ಟ್ಯಾಂಕಿನ ಏರು. ನಾಲ್ಕು ಕಡೆ ನಾಲ್ಕು ಟೇಕ್. ರೋಲಿಂಗ್ ಅಂದಾಗಲೆಲ್ಲ ಅಪ್ಪನ ಬಾಯಿಗೆ ಆ ಭಾಷಣದ ಭಾಷೆ ಬಂದು ಕೂರುತ್ತಿತ್ತು. ಕಟ್ ಅಂದ ತಕ್ಷಣ ಕಾಗದ ಮಡಚಿ, ಟ್ರೈಪಾಡ್‌ನ ಕಾಲು ನೋಡಿ, ಎಲ್ಲಪ್ಪಾ ಇಟ್ಟಿದೀಯ ಕಾಲು ಎಂದು ಶುರು ಹಚ್ಚುತ್ತಿದ್ದ. ಕಾರು ಓಡಿಸಲು ಬಾರದವನೊಬ್ಬ ತನ್ನ ಪಕ್ಕದಲ್ಲಿ ಕೂತಿರುವುದನ್ನು ಸುಮ್ಮನೆ ನೋಡಿಕೊಂಡಿರುವುದು ಅಪ್ಪನಿಂದ ಆಗುವ ಕೆಲಸವಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತೂ ಪಾಠವೇ ಪಾಠ. ಹಿಂದಿನ ಸೀಟಿನಲ್ಲಿ ಹಲ್ಲು ಕಡಿದುಕೊಂಡು ಕೂತಿದ್ದ ನಾನು, ಇದು ಚಾಲನಾ ತರಬೇತಿಯಲ್ಲ, ಶೂಟಿಂಗು ಎಂದು ಇಬ್ಬರ ಮೇಲೂ ರೇಗಿದೆ. ಸಾಯಂಕಾಲದ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು. ಆದರೂ ಭಾಷಣವೋ ಭೂಷಣವೋ, ದನಿಯಂತೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶೂಟ್ ಮಾಡಿದ ದಿನವೇ ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ನೋಡಿ ಎಂದು ಎಡಿಟಿಂಗ್ ಕಲಿಸುವ ಮೇಡಂ ಮೂರು ವರ್ಷದಿಂದ ಬಡಿದುಕೊಳ್ಳುತ್ತಿದ್ದಾರೆ. ನಾನು ನೋಡಲಿಲ್ಲ. ಭಾನುವಾರ ಆಸ್ಪತ್ರೆಗೆ ಸೇರಿಸುವ ಗಡಿಬಿಡಿ, ಸೋಮವಾರ ಏಳು ಗಂಟೆ ಆಪರೇಷನ್, ಮಂಗಳವಾರ ಮೂಗಿಗೆ ನಳಿಕೆ, ಕತ್ತಿನಲ್ಲಿ ತೂತು ಇಟ್ಟುಕೊಂಡು ಮಲಗಿದ್ದ ಅಪ್ಪನನ್ನು ಗಾಜಿನಾಚೆಯಿಂದ ನೋಡಿದ್ದು. ಬುಧವಾರ ಮಧ್ಯಾಹ್ನ ಎಡಿಟಿಂಗ್ ಕೋಣೆಯಲ್ಲಿ, ಟ್ರೈಪಾಡ್ ಪಕ್ಕದಲ್ಲಿ ನಿಂತಿರುವಾಗ, ಕಾರ್ಡ್ ಹಾಕಿದೆ.

ನಾಲ್ಕು ಕ್ಲಿಪ್ ಇರಬೇಕಿತ್ತು. ಐದಿದ್ದವು. ಎರಡನೆಯದನ್ನು ತೆರೆದೆ. ಕಟ್ ಎಂದ ನನ್ನ ದನಿಯ ಬಾಲದಿಂದ ಶುರುವಾಗಿ, ಅಪ್ಪ ಕಾಗದ ಮಡಚುವುದು, ನಾನು ರೇಗುವುದು, ಕಾರು ಜಗ್ಗಿ ಜಗ್ಗಿ ಹೊರಡುವುದು ಎಲ್ಲ ಇತ್ತು. ಕೊನೆಗೆ ಮೈದಾನದ ಹತ್ತಿರ ನಾನು ರೋಲ್ ಎನ್ನುತ್ತೇನೆ, ಟ್ರೈಪಾಡ್ ರೋಲಿಂಗ್ ಎನ್ನುತ್ತಾನೆ, ಅಪ್ಪ ಬೆನ್ನು ನೆಟ್ಟಗೆ ಮಾಡುತ್ತಾನೆ, ಅಲ್ಲಿಗೆ ಮುಗಿಯಿತು. ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಮಾತಾಡು ಎಂದಾಗ ಕ್ಯಾಮೆರಾ ಮಲಗಿದೆ, ಸುಮ್ಮನಿರು ಎಂದಾಗ ಎದ್ದು ಕೂತಿದೆ. ಮಾನ್ಯ ವೀಕ್ಷಕರಿಗೆ ಅಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ಇರಲಿಲ್ಲ.

ಐದನೆಯದನ್ನೂ ತೆರೆದು ನೋಡಿದೆ, ಅದರಲ್ಲೂ ಇಲ್ಲ. ಆಮೇಲೆ ಪಿತ್ತ ನೆತ್ತಿಗೇರಿತು. ಟ್ರೈಪಾಡ್‌ನನ್ನು ನಾನು ಏನೇನು ಅಂದೆ ಎಂದು ಇಲ್ಲಿ ಬರೆಯಲಾರೆ. ಒಂದು ಗುಂಡಿ ಒತ್ತಲು ಬಾರದವನು, ನನ್ನಪ್ಪನ ದನಿ ನುಂಗಿದವನು ಎಂದೆಲ್ಲ ಕೂಗಾಡಿದೆ. ಅವನು ಹೆಸರಿಗೆ ತಕ್ಕ ಹಾಗೆ ನಿಂತೇ ಇದ್ದ. ನನ್ನ ಉಸಿರು ಮುಗಿದ ಮೇಲೆ, ಮೊದಲನೇ ಕ್ಲಿಪ್ ನೋಡೋಣ ಎಂದ.

ಮೊದಲನೇ ಕ್ಲಿಪ್ಪಿನಲ್ಲಿ ಮೊದಲು ಕಂಡಿದ್ದು ನನ್ನ ಹೆಬ್ಬೆರಳು. ಬಿಗಿದದ್ದು ಅಲ್ಲಾಡುತ್ತದಾ ಎಂದು ನೋಡುವಾಗ ನಾನೇ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟಿದ್ದೆ. ಅಲ್ಲಿಂದಾಚೆ ಟ್ರೈಪಾಡ್ ಶುರು ಎಂದು ಒತ್ತಿದ್ದೆಲ್ಲ ಬಂದ್, ಬಂದ್ ಎಂದು ಒತ್ತಿದ್ದೆಲ್ಲ ಶುರು. ಆಮೇಲೆ ನನ್ನ ಮುಖ, ಕನ್ನಡಕದಲ್ಲಿ ಚುಕ್ಕೆ ಕಾಣ್ತಿದೆ ಎಂದು ಮೆರೆಯುತ್ತಾ. ಕೆಂಪು ದೀಪ ಉರಿಯುತ್ತಿದೆ ಎಂದರೆ ಕ್ಯಾಮೆರಾ ಓಡುತ್ತಿದೆ ಎಂದು ಮೊದಲನೇ ವರ್ಷದ ಮೊದಲನೇ ವಾರ ಹೇಳಿಕೊಡುತ್ತಾರೆ. ಓಡುತ್ತಿದ್ದೇನೆ ಎಂದು ಹೇಳುತ್ತಿದ್ದ ದೀಪದ ಬಾಯಿಗೆ ಟೇಪು ಅಂಟಿಸಿದ ಜಾಣೆ ನಾನು.  ಟ್ರೈಪಾಡ್ ತಿರುಗಿ ಒಂದು ಮಾತು ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆವತ್ತು ಆ ಕುರ್ಚಿಯಿಂದ ಏಳಲಿಲ್ಲ. ಮೂರನೇ ಕ್ಲಿಪ್ಪಿನ ಅರ್ಧದಲ್ಲಿ, ಗ್ಯಾರೇಜಿನ ಬೀದಿಯಲ್ಲಿ, ವೆಲ್ಡಿಂಗ್ ಸದ್ದು ಐದು ನಿಮಿಷ ನಿಲ್ಲಿಸಿ ಎಂದು ಕೇಳಲು ನಾನು ಕಾರಿನಿಂದ ಇಳಿದು ಹೋಗಿದ್ದೆ. ಬಾಗಿಲು ಬಡಿದ ಸದ್ದು. ಅಪ್ಪ ಹಿಂದೆ ತಿರುಗಿ ನಾನು ಹೋದೆನೇ ಎಂದು ನೋಡಿಕೊಂಡ.

"ಬೈದ್ಲು ಅಂತ ಬೇಜಾರ್ ಮಾಡ್ಕೋಬೇಡಪ್ಪ," ಎಂದ. ದನಿ ಆಗಲೇ ಅರ್ಧ ಒಡೆದಿತ್ತು. "ಡಾಕ್ಟ್ರು ಹೇಳಿದ ದಿನದಿಂದ ಎಲ್ಲರ ಮೇಲೂ ಹಿಂಗೇ ಹಾರಾಡ್ತಿದಾಳೆ. ಒಂದ್ಸಲ ಅತ್ತುಬಿಟ್ರೆ ಸರಿಹೋಗುತ್ತೆ, ಅಳಲ್ಲ. ನಂದೂ ಅದೇ ಬುದ್ಧಿ, ಹೆದರಿಕೆ ಆದ್ರೆ ಬಾಯಿ ಜೋರಾಗುತ್ತೆ. ನೀನು ಆ ಭಾಷಣ ಮಾತ್ರ ಸರಿಯಾಗಿ ತೆಗಿ. ಮೂರ್ ದಿನ ಕೂತು ಬರ್ದಿದೀನಿ. ಅವಳಿಗೆ ಒಳ್ಳೆ ಮಾರ್ಕ್ಸ್ ಬರ್ಲಿ." ಅದೇ ಉಸಿರಿನಲ್ಲಿ, "ಕೈ ಎಲ್ಲಿ ಬಿಟ್ಟಿದೀಯ, ಗಾಡಿ ನಿಂತಿದ್ರೂ ಸ್ಟಿಯರಿಂಗ್ ಮೇಲೆ ಕೈ ಇರ್ಬೇಕು," ಎಂದ.

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಮೂಗು ಸೋರುವಷ್ಟು ಅತ್ತೆ. ಇದನ್ನೆಲ್ಲ ಶನಿವಾರವೇ ಕೇಳಿಸಿಕೊಂಡಿದ್ದ ಟ್ರೈಪಾಡ್ ಕರಿ ಬಟ್ಟೆ ಸರಿಸಿ ಕಿಟಕಿಯ ಆಚೆ ನೋಡುತ್ತಾ ನಿಂತ. ಸಾರಿ ಕಣೋ ಎಂದೆ. ಪರವಾಗಿಲ್ಲ, ಕ್ಲಚ್ ಬಿಡೋದು ಕಲಿತೆನಲ್ಲ ಎಂದ.

ಮೇಡಂ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಕಾರ್ಡ್ ನೋಡದ್ದಕ್ಕೆ, ಟೇಪಿಗೆ, ರೆಕಾರ್ಡರ್ ಇಲ್ಲದೆ ಹೊರಟಿದ್ದಕ್ಕೆ ಬೇರೆ ಬೇರೆಯಾಗಿ ಬೈದರು. ಆಮೇಲೆ ಕುರ್ಚಿ ಎಳೆದುಕೊಂಡು ಮುಕ್ಕಾಲು ಗಂಟೆ ನೋಡಿದರು. ಏರಿನಲ್ಲಿ ಕಾರು ಹಿಂದಕ್ಕೆ ಜಾರುವಾಗ ಅಪ್ಪ ಟ್ರೈಪಾಡ್‌ಗೆ ಉಗಿಯುವ ಜಾಗದಲ್ಲಿ ಎರಡು ಸಲ ನಕ್ಕರು. ಇರುವುದರಲ್ಲೇ ಹದಿನೈದು ನಿಮಿಷ ಕೂಡಿಸು, ತಿಂಗಳ ಕೊನೆಗೆ ಸಲ್ಲಿಸು, ಒಂದು ದಿನವೂ ಹೆಚ್ಚಿಗೆ ಕೊಡಲ್ಲ ಎಂದರು. ಆದರೆ ಒಂದು ಷರತ್ತಿತ್ತು. ಕ್ಯಾಮೆರಾ ಓಡುತ್ತಿದೆ ಎಂದು ಗೊತ್ತಿಲ್ಲದವರ ಮಾತನ್ನು ಹಾಗೆಲ್ಲ ತೋರಿಸುವಂತಿಲ್ಲ. ಅಪ್ಪ ನೋಡಿ, ಒಪ್ಪಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಇಲ್ಲದಿದ್ದರೆ ಚಿತ್ರ ಇಲ್ಲ.

ಎರಡು ವಾರ ಕಳೆದು ಅಪ್ಪ ಮನೆಗೆ ಬಂದ. ಕತ್ತಿನ ತೂತಿಗೆ ತೆಳ್ಳನೆ ಬಟ್ಟೆ, ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಇನ್ನು ಮಾತೆಲ್ಲ ಅದರಲ್ಲೇ. ಆ ನೋಟ್‌ಬುಕ್ಕನ್ನು ಓದುವುದೇ ನಮಗೊಂದು ಶಿಕ್ಷೆಯಾಯಿತು. ಪೆನ್ಸಿಲ್ ಹಿಡಿದರೆ ಅಪ್ಪನಿಗೆ ಬರುತ್ತಿದ್ದದ್ದು ಭಾಷಣದ ಭಾಷೆಯೇ. "ಕುಡಿಯಲು ಬಿಸಿನೀರು ಬೇಕಾಗಿದೆ." "ಫ್ಯಾನಿನ ವೇಗವನ್ನು ಕಡಿಮೆ ಮಾಡತಕ್ಕದ್ದು." ಅಮ್ಮ ಎರಡು ದಿನ ಸುಮ್ಮನೆ ಓದಿದಳು. ಮೂರನೇ ದಿನ ಹಾಳೆಯನ್ನು ನನ್ನ ಮುಂದೆ ಹಿಡಿದು, ಇದು ನನ್ನ ಗಂಡನ ಮಾತಾ, ಬ್ಯಾಂಕಿನಿಂದ ಬಂದ ನೋಟೀಸಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮದುವೆಯಾದಾಗಿನಿಂದ ಒಂದು ಸಲವೂ ಅವಳನ್ನು ಮೆತ್ತಗೆ ಕರೆಯದ ಮನುಷ್ಯ ಈಗ ಟೇಬಲ್ ಮೇಲೆ ಚಮಚ ಕುಟ್ಟಿ ಕರೆಯುತ್ತಿದ್ದ. ಚಮಚದ ಸದ್ದಿಗೆ ಅಮ್ಮ ಬರುತ್ತಿದ್ದಳು, ಆದರೆ ಬಾಯಿ ಬಿಡುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರ ದನಿ ಹೋದರೆ ಮನೆಯಲ್ಲಿ ಇಬ್ಬರದೂ ನಿಂತಿತ್ತು. ನನಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು.

ಸಲ್ಲಿಸಲು ಎರಡು ದಿನ ಇರುವಾಗ ಲ್ಯಾಪ್‌ಟಾಪನ್ನು ಅಪ್ಪನ ಮುಂದಿಟ್ಟೆ. ಮಧ್ಯಾಹ್ನ ಹನ್ನೆರಡು ಗಂಟೆ. ಅಡುಗೆಮನೆಯಲ್ಲಿ ಅಮ್ಮ ಅಪ್ಪನ ಊಟವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುತ್ತಿದ್ದಳು, ನಾನು ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೂಡಿಸಿದ ಹದಿನೈದು ನಿಮಿಷವನ್ನು ಅಪ್ಪ ಮೈಯೆಲ್ಲ ಕಣ್ಣಾಗಿ ನೋಡಿದ. ಮುಗಿದ ಮೇಲೆ ಬರೆದ: "ಇದು ಬಿಡುವಿನ ಸಮಯದ್ದು. ನನ್ನ ಭಾಷಣ ಎಲ್ಲಿದೆ?"

ಹೇಳಲೇಬೇಕಾಯಿತು. ಹೆಬ್ಬೆರಳು, ಟೇಪು, ಎಲ್ಲ ಹೇಳಿದೆ. ಭಾಷಣ ಇಲ್ಲಪ್ಪಾ, ಒಂದು ಸಾಲೂ ಇಲ್ಲ ಎಂದೆ. ಅಪ್ಪನ ಮುಖ ಕೆಂಪೇರಿತು. ಬೈಯಲು ಬಾಯಿ ತೆರೆದ; ಕತ್ತಿನ ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬಂತು. ಪೆನ್ಸಿಲ್ ಒತ್ತಿ ಒತ್ತಿ ಬರೆದ: "ಇದು ಅತ್ಯಂತ ಬೇಜವಾಬ್ದಾರಿತನ. ಸಹಿ ಹಾಕುವುದಿಲ್ಲ. ನನ್ನ ಕೊನೆಯ ಮಾತು ಇದಲ್ಲ." ಅಲ್ಲ ಎನ್ನುವಲ್ಲಿ ಪೆನ್ಸಿಲ್ಲಿನ ಮೊನೆ ಮುರಿಯಿತು. ಅದನ್ನು ಓದಿ ನನಗೂ ರೇಗಿತು. ನೋಟೀಸು ಓದಿ ಓದಿ ಬೇಸತ್ತಿದ್ದೇನೆ, ನನಗೆ ಬೇಕಿದ್ದದ್ದು ನಿನ್ನ ಭಾಷಣ ಅಲ್ಲ, ನೀನು ಎಂದು ಕೂಗಿದೆ. ನಂಬಿಕೆ ಇಲ್ಲದಿದ್ದರೆ ಶುರುವಿನಿಂದ ನೀನೇ ನೋಡು, ಎಲ್ಲಾದರೂ ಭಾಷಣ ಸಿಕ್ಕರೆ ಹೇಳು ಎಂದು ಕೂಡಿಸದ ಮೊದಲನೇ ಕ್ಲಿಪ್ಪನ್ನು ತೆರೆದು, ಸದ್ದನ್ನು ಪೂರ್ತಿ ಏರಿಸಿದೆ.

ನನ್ನ ಹೆಬ್ಬೆರಳು ಬಂತು. ನನ್ನ ಮುಖ ಬಂತು. ಆಮೇಲೆ ಪರದೆಯ ಮೇಲಿನ ಅಪ್ಪ ಕಾಲರ್ ಮುಟ್ಟಿಕೊಂಡು, ಮೈಕಿನ ವೈರು ನೋಡಿ ಮುಖ ಹಿಂಡಿ, ಕಾರಿನ ಕಿಟಕಿಯಿಂದ ಮನೆಯ ಕಡೆ ತಲೆ ಹಾಕಿದ. ಅಷ್ಟರಲ್ಲಿ ಅಡುಗೆಮನೆಯ ಮಿಕ್ಸಿ ನಿಂತಿತು.

"ಏ ಇವಳೇ, ಬಾಯಿಲ್ಲಿ ಒಂದ್ ನಿಮಿಷ."

"ಬಂದೆ ರೀ," ಎಂದಳು ಅಮ್ಮ ಅಡುಗೆಮನೆಯಿಂದ.

ಬಂದೇಬಿಟ್ಟಳು, ಕೈಯಲ್ಲಿ ಮಿಕ್ಸಿಯ ಮುಚ್ಚಳ. ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಪರದೆ. ಅಲ್ಲಿ ಅವಳದೇ ಕೈ ಕಿಟಕಿಯೊಳಗೆ ಬಂದು ಅಪ್ಪನ ಕಾಲರನ್ನು ಸರಿಮಾಡುತ್ತಿತ್ತು. ಮುಚ್ಚಳದಿಂದ ನೆಲಕ್ಕೆ ಗಂಜಿ ತೊಟ್ಟಿಕ್ಕುತ್ತಿತ್ತು. ಅಮ್ಮ ಅದನ್ನು ಸೆರಗಿನ ತುದಿಯಲ್ಲಿ ಒರೆಸಿ ಒಳಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಂತು, ಬಹಳ ಹೊತ್ತು ಬಂತು.

ನಾನು ನಿಲ್ಲಿಸಲು ಕೈ ಚಾಚಿದೆ. ಅಪ್ಪ ನನ್ನ ಕೈ ಹಿಡಿದ. ಮೊನೆ ಮುರಿದ ಪೆನ್ಸಿಲ್ಲಿನಲ್ಲೇ ನೋಟ್‌ಬುಕ್ಕಿನಲ್ಲಿ ಗೀಚಿ ನನ್ನ ಕಡೆ ತಳ್ಳಿದ. ಅಕ್ಷರ ಸರಿಯಾಗಿ ಮೂಡಿರಲಿಲ್ಲ, ವಾರೆ ಮಾಡಿ ಬೆಳಕಿಗೆ ಹಿಡಿದು ಓದಬೇಕಾಯಿತು. "ಇದನ್ನ ಅಳಿಸ್ಬೇಡ ಕಣೇ" ಎಂದು ಬರೆದಿದ್ದ. ಒಪ್ಪಿಗೆ ಪತ್ರವನ್ನು ತಾನೇ ಎಳೆದುಕೊಂಡು, ನನ್ನ ಜೇಬಿನಲ್ಲಿದ್ದ ಪೆನ್ನು ಕಿತ್ತುಕೊಂಡು ಸಹಿ ಹಾಕಿದ.

ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಹಿಂದಕ್ಕೆ ಹೇಗೆ ಹೋಗುವುದು ಎಂದು ಸನ್ನೆಯಲ್ಲಿ ಕೇಳಿದ. ತೋರಿಸಿದೆ. ಎರಡು ಸಲ ತಪ್ಪು ಒತ್ತಿದ, ಮೂರನೇ ಸಲ ಸರಿಯಾಯಿತು.

"ಏ ಇವಳೇ, ಬಾಯಿಲ್ಲಿ ಒಂದ್ ನಿಮಿಷ."

ಒಳಗೆ ನಲ್ಲಿ ನಿಂತಿತು.  ಅಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ.

"ಬಂದೆ ಅಂದ್ನಲ್ಲ ರೀ, ಎಷ್ಟ್ ಸಲ ಕರೀತೀರಾ," ಎಂದಳು ಅಮ್ಮ, ಮೂಗು ಕಟ್ಟಿದ ದನಿಯಲ್ಲಿ, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು.